ಕ್ರೋಮ್ ವೀಲುಗಳ ಹೊಸ ದರದ ಬಗ್ಗೆ

ಗ್ರಾಹಕ ಮಿತ್ರರಿಗೆ ನಮಸ್ಕಾರ.

ಉಳಿದವರಿಗೆ ಹೋದ ಇಂಗ್ಲಿಷ್ ಪತ್ರವನ್ನೇ ನಿಮಗೂ ಕಳಿಸಬಹುದಿತ್ತು. ಆದರೆ ಡೆಟ್ರಾಯಿಟ್ ಸುತ್ತಮುತ್ತ ಇರುವ ನೀವು ಹಳೆಯ ಕಾರಿನ ವೀಲು ದುರಸ್ತಿ ಮಾಡುವ ನಮ್ಮ ಅಂಗಡಿಗೆ ಬಂದು, ದರ ಏರಿಸಿದ್ದೇಕೆ ಎಂದು ಕನ್ನಡದಲ್ಲೇ ಜಗಳವಾಡಿದ್ದೀರಿ, ಉತ್ತರವೂ ಕನ್ನಡದಲ್ಲೇ ಇರಲಿ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಕ್ರೇಗರ್ ಕಂಪನಿಯ ಎಸ್ಎಸ್ ತರಹದ ಕ್ರೋಮ್ ವೀಲು ಒಂದರ ದುರಸ್ತಿಗೆ 425 ಡಾಲರ್ ಬದಲು 560 ಆಗುತ್ತದೆ. ಅರ್ಧ ಹಣ ಮುಂಗಡ. ಕೆಲಸಕ್ಕೆ ಹತ್ತು ವಾರ ಹಿಡಿಯುತ್ತದೆ. ಬಣ್ಣದ ಸ್ಟೀಲ್ ವೀಲು, ಷೆವ್ರೊಲೆ ಕಾರ್ಖಾನೆಯ ರ‍್ಯಾಲಿ ವೀಲುಗಳಿಗೆ ಹಳೆಯ ದರವೇ. ಪ್ಲೇಟಿಂಗ್ (ಕ್ರೋಮ್ ಲೇಪದ ಕೆಲಸ) ತಡವಾಗಿ, ಬೇಸಿಗೆಯ ಷೋಗಳಿಗೆ ಕಾರು ಒಯ್ಯಲಾಗದೆ ಹೋದವರಲ್ಲಿ ಕ್ಷಮೆ ಕೇಳುತ್ತೇವೆ.

ಲಾಭದ ಆಸೆಗೆ ಏರಿಸಿದ್ದಾರೆ ಎಂಬ ಮಾತು ನಮ್ಮ ಕಿವಿಗೂ ಬಿದ್ದಿದೆ. ಬೇಸರವಾಯಿತು. ಏರಿದ ಹಣ ಹೋಗುವುದು ಪ್ಲೇಟಿಂಗ್ ಮಾಡುವವರಿಗೆ. ಕ್ರೋಮ್ ತೊಟ್ಟಿಯಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಅದರ ಹೊಗೆ ಹೀರಬೇಕು, ತೊಳೆದ ನೀರು ಶುದ್ಧ ಮಾಡಬೇಕು. ಆ ಖರ್ಚು ನ್ಯಾಯವೇ. ಅಲಂಕಾರದ ಪ್ಲೇಟಿಂಗಿನಲ್ಲಿ ಅದನ್ನು ಹಂತಹಂತವಾಗಿ ಕೈಬಿಡುವ ನಿಯಮವನ್ನು ಕ್ಯಾಲಿಫೋರ್ನಿಯಾ 2023ರಲ್ಲೇ ತಂದಿತು. ನಮ್ಮ ಕೆಲಸ ಮಾಡಿಕೊಡುತ್ತಿದ್ದ ಒಂದು ಅಂಗಡಿ ಬಾಗಿಲು ಹಾಕಿದೆ, ಉಳಿದದ್ದರ ಮುಂದೆ ಸರದಿ.

ಅದರ ಮೇಲೆ ಕ್ರೇಗರ್ ವೀಲು ಎರಡು ಲೋಹದ್ದು. ರಿಮ್ಮು ಸ್ಟೀಲು, ನಡುಭಾಗ ಅಲ್ಯೂಮಿನಿಯಂ ಎರಕ. ಸ್ಟೀಲಿನ ಜಿಡ್ಡು ತೆಗೆಯುವ ಕಾಸ್ಟಿಕ್ ದ್ರಾವಣ ಅಲ್ಯೂಮಿನಿಯಂ ಅನ್ನು ತಿಂದುಬಿಡುತ್ತದೆ. ಎರಡೂ ಕೂಡುವ ಕಡೆ ಕೂದಲೆಳೆಯಷ್ಟು ಸಂದಿ. ಅಲ್ಲಿ ಪ್ಲೇಟಿಂಗ್ ತೊಟ್ಟಿಯ ಆಮ್ಲ ಒಂದು ಹನಿ ಉಳಿದರೂ ವೀಲು ನಿಮ್ಮ ಗ್ಯಾರೇಜು ಸೇರಿದ ಮೇಲೆ ಕಂದು ನೀರು ಜಿನುಗಿ, ಹೊಸ ಕ್ರೋಮಿನ ಮೇಲೆ ಗೆರೆ ಬೀಳುತ್ತದೆ. ಅದಕ್ಕೇ ಬಿಸಿನೀರಲ್ಲಿ ಮತ್ತೆ ಮತ್ತೆ ಅದ್ದಿ, ಸಂದಿಗೆ ಗಾಳಿ ಹೊಡೆದು, ಒಣಗಿಸಿ, ಕೆಲವು ದಿನ ಹಾಗೇ ಇಟ್ಟು ನೋಡುತ್ತೇವೆ. ಈ ಕಾಯುವಿಕೆಗೆ ಬಿಲ್ಲಿನಲ್ಲಿ ಸಾಲಿಲ್ಲ.

ಇನ್ನು ಎಲ್ಲರೂ ಕೇಳುವ ಮಾತು: “ಇದೇ ದುಡ್ಡಿಗೆ ಹೊಸ ಸೆಟ್ಟೇ ಬರುತ್ತಲ್ಲ ಸಾರ್?”

ಬರುತ್ತದೆ. ವಾರಾಂತ್ಯದಲ್ಲಿ ಓಡಿಸಿ ಖುಷಿಪಡುವ ಕಾರಾದರೆ ಹೊಸದನ್ನೇ ಹಾಕಿ, ನಾವೇ ಹಾಗೆ ಹೇಳಿ ಕಳಿಸಿದ್ದುಂಟು. ಆದರೆ ಡೀಲರ್ ಕೈಯಲ್ಲಿ ಮಾರ್ಪಟ್ಟ ಕಾರಿಗೆ ಫ್ಯಾಕ್ಟರಿ ಪುಸ್ತಕವೊಂದನ್ನೇ ನೋಡಿ ವೀಲು ಆರಿಸಲಾಗದು. 1969ರ ಷೆವ್ರೊಲೆ ಕಮ್ಯಾರೊ ನೋಡಿ. 427 ಘನ ಅಂಗುಲದ ದೊಡ್ಡ ಇಂಜಿನ್ ಕೊಡುತ್ತಿದ್ದ ಕೋಪೋ (ಕಂಪನಿಯ ಕೇಂದ್ರ ಕಚೇರಿಯ ವಿಶೇಷ ಆರ್ಡರ್) 9561ರ ಕಾರು ಕಾರ್ಖಾನೆಯಿಂದ ಬಂದದ್ದು 14 ಇಂಚಿನ ಸಾದಾ ಸ್ಟೀಲ್ ವೀಲು, ಪುಟ್ಟ ಕ್ಯಾಪಿನಲ್ಲಿ. ಜೊತೆಗೆ 9737 ಆರ್ಡರ್ ಸೇರಿದ್ದರೆ 15 ಇಂಚಿನ ರ‍್ಯಾಲಿ. ಅದು ಪೆನ್ಸಿಲ್ವೇನಿಯಾದ ಕ್ಯಾನನ್ಸ್‌ಬರ್ಗಿನ ಯೆಂಕೊ ಡೀಲರ್‌ಷಿಪ್ಪಿಗೆ ಹೋಗಿದ್ದರೆ, ಬೇಕೆಂದವರಿಗೆ ಅಟ್ಲಾಸ್ ಮ್ಯಾಗ್ ವೀಲು. ಮೂರೂ ಸರಿ, ಆದರೆ ನಿಮ್ಮ ಕಾರಿಗೆ ಮೂರೂ ಸರಿಯಲ್ಲ. ಮೊದಲ ಮಾಲೀಕರ ಬಿಲ್ಲು, ಅಂದಿನ ಒಂದು ಫೋಟೋ ಇದ್ದರೆ ತೀರ್ಮಾನ ಸುಲಭ. ದಯವಿಟ್ಟು ಅವನ್ನು ತನ್ನಿ.

ಅಂದು ಡೀಲರ್ ಹಾಕಿಕೊಟ್ಟ ಅದೇ ನಾಲ್ಕು ವೀಲು ನಿಮ್ಮಲ್ಲಿದ್ದರೆ ಅವು ಆ ಕಾರಿನ ಸಾಕ್ಷಿ. ಹಿಂಬದಿಯ ಎರಕದ ಗುರುತು, ರಿಮ್ಮಿನ ವೆಲ್ಡು, ರ‍್ಯಾಲಿಯಾದರೆ ವಾಲ್ವ್ ತೂತಿನ ಬಳಿ ಒತ್ತಿದ ಅಕ್ಷರಗಳು: ಹೊಸ ಸೆಟ್ಟು ಇವನ್ನು ಎಲ್ಲಿಂದ ತರುತ್ತದೆ? ಆ ಅಕ್ಷರ ಮುಚ್ಚಿಹೋಗಬಾರದೆಂದೇ ನಾವು ಬಣ್ಣ ತೆಳುವಾಗಿ ಹೊಡೆಯುವುದು. ಉಗುರಿನಲ್ಲಿ ಸವರಿದರೆ ಏಣು ಸಿಗಬೇಕು. ಹೊಸ ವೀಲಿನ ಮೇಲೆ ಹಳೆಯ ಅಕ್ಷರ ಒತ್ತಿಕೊಡುವ ಕೆಲಸ ಮಾತ್ರ ಎಷ್ಟು ಕೊಟ್ಟರೂ ಮಾಡುವುದಿಲ್ಲ. ಮುಂದೆ ಆ ಕಾರು ಕೊಳ್ಳುವವರಿಗೆ ಅದು ಮೋಸ.

ಈಗಾಗಲೇ ವೀಲು ಕೊಟ್ಟವರಿಗೆ ಹಳೆಯ ದರವೇ, ಚಿಂತೆ ಬೇಡ. ಪ್ರತಿ ವೀಲಿಗೂ ನಿಮ್ಮ ಹೆಸರಿನ ತಗಡಿನ ಬಿಲ್ಲೆ ಕಟ್ಟಿದೆ. ನೀವು ಕೊಟ್ಟದ್ದೇ ನಿಮಗೆ ವಾಪಸು ಬರುತ್ತದೆ. ಒಟ್ಟಿಗೆ ನಾಲ್ಕಕ್ಕೆ ಹಣ ಹೊಂದಿಸುವುದು ಕಷ್ಟವಾದರೆ ಎರಡೆರಡಾಗಿ ಕೊಡಿ, ದರದಲ್ಲಿ ವ್ಯತ್ಯಾಸ ಮಾಡುವುದಿಲ್ಲ. ಫೋನು ನಾನೇ ಎತ್ತುತ್ತೇನೆ, ಸಂಜೆ ಐದರ ಮೇಲೆ ಮಾಡಿದರೆ ನಿಧಾನವಾಗಿ ಮಾತಾಡಬಹುದು.