ಕಿವಿಯ ಹಿಂದೆ ಉಳಿದ ಬಣ್ಣ

ಕಳೆದ ಶನಿವಾರ ಅಪ್ಪನನ್ನು ಬೆಂಗಳೂರಿನ ರಂಗಶಂಕರಕ್ಕೆ ನಾಟಕ ನೋಡಲು ಕರೆದುಕೊಂಡು ಹೋಗಿದ್ದೆ. ಅಲ್ಲಿ ಸಂಜೆ 7.30ಕ್ಕೆ ಬಾಗಿಲು ಮುಚ್ಚಿದರೆ ಮುಚ್ಚಿದಂತೆಯೇ, ಆಮೇಲೆ ಬಂದವರು ಎಂಥವರಾದರೂ ಹೊರಗೇ. ಅಪ್ಪನ ಈಗಿನ ನಡಿಗೆಯ ಲೆಕ್ಕ ಹಾಕಿ ಐದಕ್ಕೇ ಮನೆ ಬಿಟ್ಟೆವು. ಒಂಬತ್ತು ತಿಂಗಳಲ್ಲಿ ಅವರು ಆಸ್ಪತ್ರೆಗಲ್ಲದೆ ಹೊರಗೆ ಹೊರಟದ್ದು ಇದೇ ಮೊದಲು.

ಒಂಬತ್ತು ತಿಂಗಳ ಹಿಂದೆ ಅಪ್ಪ ಆಸ್ಪತ್ರೆ ಸೇರಿ, ಉಳಿಯುತ್ತಾರೋ ಇಲ್ಲವೋ ಎಂಬಂತಾಗಿದ್ದು ನಿಮಗೆಲ್ಲ ಗೊತ್ತೇ ಇದೆ. ರಕ್ತ ಕೊಟ್ಟವರಿಗೆ, ಬುತ್ತಿ ತಂದ ಅತ್ತಿಗೆಗೆ, ರಜೆಯ ಲೆಕ್ಕ ಕೇಳದ ಸಹೋದ್ಯೋಗಿಗಳಿಗೆ, ಊರಿನ ಮನೆಯ ದನ ನೋಡಿಕೊಂಡ ನೆರೆಯವರಿಗೆ ನಾನು ಋಣಿ.

ಇನ್ನೊಬ್ಬರಿದ್ದಾರೆ. ನೀವು ಯಾರೂ ಅವರನ್ನು ನೋಡಿಲ್ಲ.

ನನಗೆ ನಾಟಕದ ಹುಚ್ಚು ಹಿಡಿಸಿದವರು ಅಪ್ಪನೇ. ಊರೂರು ಸುತ್ತಿ ನಾಟಕವಾಡುವ ನೀನಾಸಂ ತಿರುಗಾಟ 1985ರಲ್ಲಿ ಶುರುವಾದ ಮೇಲೆ, ನಮ್ಮ ಕಡೆಗೆ ಬಂದಾಗಲೆಲ್ಲ ಸೈಕಲ್ಲಿನ ಮುಂದೆ ಕೂರಿಸಿಕೊಂಡು ಒಯ್ಯುತ್ತಿದ್ದರು. ಅಂದಿನಿಂದ ನಟರನ್ನು ರಂಗದ ಹೊರಗೆ ಗುರುತಿಸುವುದು ನನ್ನ ಚಟ. ಕಲಾಕ್ಷೇತ್ರದಲ್ಲಿ ನಿನ್ನೆ ದೊರೆಯಾಗಿದ್ದವರು ಇಂದು ಸಿಟಿ ಬಸ್ಸಿನಲ್ಲಿ ಚಿಲ್ಲರೆಗೆ ಜೇಬು ತಡಕುತ್ತಿದ್ದರೆ ನನಗೆ ಅದೂ ಒಂದು ಪ್ರವೇಶ.

ಅಪ್ಪ ಆಸ್ಪತ್ರೆಯಲ್ಲಿದ್ದ ಆ ರಾತ್ರಿ ಹನ್ನೊಂದೂವರೆಗೆ ಶಿವಮೊಗ್ಗದಲ್ಲಿ, ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ, ‘ಒಂದು ಚಹಾ, ಸಕ್ಕರೆ ಕಡಿಮೆ’ ಎಂಬ ದನಿ ಕೇಳಿತು. ಮುಖ ನೋಡುವ ಮೊದಲೇ ಗುರುತು ಹತ್ತಿತು. ನಾಟಕ ಮುಗಿಸಿ ರಂಗಸಜ್ಜಿಕೆ ಇಳಿಸುವಾಗ ಗೆಳೆಯನ ಕಾಲಿಗೆ ಪೆಟ್ಟಾಗಿ, ಕಟ್ಟು ಹಾಕಿಸಲು ಬಂದಿದ್ದರಂತೆ. ಗೆಳೆಯನನ್ನು ವ್ಯಾನು ಹತ್ತಿಸಿದವರು ನನ್ನ ಮುಖ ನೋಡಿ ತಾವು ಹತ್ತಲಿಲ್ಲ. ಬೆಳಗಿನ ಬಸ್ಸಿಗೆ ಬರುತ್ತೇನೆ ಎಂದುಬಿಟ್ಟರು.

ಸಮಾಧಾನದ ಮಾತು ಒಂದೂ ಆಡಲಿಲ್ಲ. ಅಪ್ಪನ ಜೊತೆ ನೋಡಿದ ನಾಟಕಗಳನ್ನು ಒಂದೊಂದಾಗಿ ಕೇಳಿದರು, ನಾನು ಹೇಳುತ್ತಾ ಹೋದೆ. ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದ್ದರೂ ಅವರ ಎಡಗಿವಿಯ ಹಿಂದೆ ಬೆರಳಗಲ ಕೆಂಪು ಉಳಿದಿತ್ತು. ರಾತ್ರಿಯಿಡೀ ಅದನ್ನೇ ನೋಡುತ್ತಿದ್ದೆ.

ಮೂರು ಗಂಟೆಗೆ ನರ್ಸ್ ಕಾಗದ ತಂದು ಸಹಿ ಕೇಳಿದರು. ರೋಗಿಯ ಹೆಸರು ಬರೆಯುವಲ್ಲಿ ಪೆನ್ನು ನಿಂತಿತು. ಅಪ್ಪನ ಹೆಸರೇ ಬರಲಿಲ್ಲ. ಇನ್ನು ಮುಂದೆ ಆ ಹೆಸರು ಕೂಗುವ ಕೆಲಸವೇ ಇರುವುದಿಲ್ಲವೇನೋ ಎನಿಸಿ ಅಲ್ಲಿಯೇ ಅತ್ತುಬಿಟ್ಟೆ. ಆ ನಟರು ರಟ್ಟನ್ನು ತಮ್ಮ ಮೊಣಕಾಲಿಗೆ ಒತ್ತಿ ಹಿಡಿದು, ‘ಮೊದಲ ಅಕ್ಷರ ಬರೆಯಿರಿ, ಉಳಿದದ್ದು ತಾನಾಗಿ ಬರುತ್ತದೆ. ಮಾತು ಮರೆತಾಗ ನಾವು ಮಾಡುವುದೂ ಅದನ್ನೇ’ ಎಂದರು. ಬಂತು.

ಬೆಳಗ್ಗೆ ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಹೊರಟುಹೋಗಿದ್ದರು. ಫೋನ್ ನಂಬರ್ ಕೇಳಿರಲಿಲ್ಲ. ಹೆಸರು ಗೊತ್ತು, ಆದರೆ ಬರೆಯುವುದಿಲ್ಲ. ಹೊಗಳಿದರೆ ಮುದುಡುವ ಜಾತಿಯ ಮನುಷ್ಯ.

ಶನಿವಾರ ನಾಟಕ ಮುಗಿದು ನಟರೆಲ್ಲ ಸಾಲಾಗಿ ನಿಂತು ಕೈಮುಗಿದಾಗ ಅಪ್ಪ ಕೋಲೂರಿ ಎದ್ದು, ಒಬ್ಬೊಬ್ಬರ ಮುಖವನ್ನೂ ನೋಡಿದರು.

‘ಇವರಲ್ಲಿ ಯಾರೋ ಆ ಮಹರಾಯ?’

‘ಇವರಲ್ಲಿ ಇಲ್ಲ ಅಪ್ಪ.’

‘ಹಾಗಾದರೆ ಮುಂದಿನ ನಾಟಕ ಎಂದು?’