ಉಬ್ಬಿದ ಹಿಟ್ಟು ಫ್ರೀಜರ್‌ನಲ್ಲಿ ಸೊರಗುವುದೇಕೆ?

ಮಾನ್ಯ ಸಂಪಾದಕರೇ,

ಏಪ್ರಿಲ್ ಬಂತೆಂದರೆ ದಾವಣಗೆರೆಯಲ್ಲಿ ಬನ್ನು, ಬ್ರೆಡ್ಡು ಮಾಡುವವರದು ಒಂದೇ ಗೋಳು: ಹಿಟ್ಟು ಬೇಗ ಹುಳಿಯಾಗುತ್ತದೆ, ಇಲ್ಲವೇ ಉಬ್ಬುವುದೇ ಇಲ್ಲ. ಬಿಸಿಲಿಗೆ ಹೆದರಿ ಯೀಸ್ಟ್ ಪೊಟ್ಟಣವನ್ನೂ ಉಳಿದ ಹಿಟ್ಟನ್ನೂ ಫ್ರೀಜರ್‌ಗೆ ತಳ್ಳುತ್ತಾರೆ. ಒಣ ಯೀಸ್ಟ್ ಅಲ್ಲಿ ತಿಂಗಳುಗಟ್ಟಲೆ ಚೆನ್ನಾಗಿರುತ್ತದೆ. ಉಬ್ಬಲು ಶುರುವಾಗಿದ್ದ ಹಿಟ್ಟು ಮಾತ್ರ ದಿನ ಕಳೆದಂತೆ ಸೊರಗುತ್ತದೆ. ಎರಡರಲ್ಲೂ ಇರುವುದು ಅದೇ ಯೀಸ್ಟ್, ಬಿದ್ದಿರುವುದೂ ಅದೇ ಚಳಿಯಲ್ಲಿ. ಹೀಗೇಕೆ ಎಂದು ಅಡುಗೆ ಪುಟಗಳು ಹೇಳುವುದಿಲ್ಲ, ಅದಕ್ಕೇ ಈ ಪತ್ರ.

ಯೀಸ್ಟ್ ಕೋಶ ಕಾರ್ಬೋಹೈಡ್ರೇಟನ್ನು ಎರಡು ರೂಪದಲ್ಲಿ ಕೂಡಿಡುತ್ತದೆ. ಒಂದು ಗ್ಲೈಕೋಜನ್, ನಮ್ಮ ಯಕೃತ್ತಿನಲ್ಲಿ ಇರುವಂಥದ್ದೇ. ನಮ್ಮ ಕಡೆಯ ಹಗೇವಿನಲ್ಲಿ ಜೋಳ ಇಟ್ಟ ಹಾಗೆ, ಬರಗಾಲಕ್ಕೆಂದು ಇಟ್ಟ ಆಹಾರ ಅದು. ತಟ್ಟೆಯಲ್ಲಿ ಬೆಳೆದ ಯೀಸ್ಟ್ ಮೇಲೆ ಅಯೋಡಿನ್ ಆವಿ ಹಾಯಿಸಿದರೆ ಗ್ಲೈಕೋಜನ್ ತುಂಬಿಕೊಂಡ ಗುಂಪುಗಳು ಕೆಂಗಂದು ಬಣ್ಣಕ್ಕೆ ತಿರುಗುತ್ತವೆ, ಬರಿದಾದವು ಹಳದಿಯಾಗಿಯೇ ಉಳಿಯುತ್ತವೆ. ಎರಡನೆಯದು ಟ್ರೆಹಲೋಸ್. ಎರಡು ಗ್ಲೂಕೋಸ್ ಸೇರಿದ ಪುಟ್ಟ ಸಕ್ಕರೆ. ಇದರ ಮುಖ್ಯ ಕೆಲಸ ಕಾವಲು. ಕೋಶ ಒಣಗಿದಾಗ, ಹೆಪ್ಪುಗಟ್ಟಿದಾಗ ಪೊರೆಯ ಸುತ್ತ, ಪ್ರೋಟೀನುಗಳ ಸುತ್ತ ನೀರು ಬಿಟ್ಟುಹೋದ ಜಾಗವನ್ನು ಇದು ತುಂಬಿ, ಅವು ಮುರುಟದಂತೆ ಹಿಡಿದಿಡುತ್ತದೆ.

ಟಿಪಿಎಸ್1 ಎಂಬ ಕಿಣ್ವ ಎರಡು ಗ್ಲೂಕೋಸನ್ನು ಬೆಸೆಯುತ್ತದೆ, ಅದಕ್ಕೆ ಅಂಟಿ ಬಂದ ಫಾಸ್ಫೇಟನ್ನು ಟಿಪಿಎಸ್2 ಕಿತ್ತುಹಾಕುತ್ತದೆ. ಹಸಿವು, ಬಿಸಿ, ಉಪ್ಪು ಯಾವುದೇ ಕಾಡಿದರೂ ಎಂಎಸ್‌ಎನ್2, ಎಂಎಸ್‌ಎನ್4 ಎಂಬ ಪ್ರೋಟೀನುಗಳು ಕೋಶಕೇಂದ್ರದೊಳಗೆ ಹೋಗಿ ಈ ಕಿಣ್ವಗಳ ಜೀನುಗಳನ್ನು ಚುರುಕುಗೊಳಿಸುತ್ತವೆ. ಯೀಸ್ಟ್ ಕಾರ್ಖಾನೆಗಳು ಇದನ್ನು ಬಲ್ಲವು. ಕೊನೆಯ ಹಂತದಲ್ಲಿ ಕಾಕಂಬಿಯನ್ನು ಹನಿಹನಿಯಾಗಿ ಕೊಟ್ಟು, ಸಾರಜನಕವನ್ನು ಕಡಿತ ಮಾಡಿ ಕೋಶವನ್ನು ಬೇಕೆಂದೇ ಅರೆಹಸಿವಿನಲ್ಲಿ ಇಡುತ್ತವೆ. ಹೀಗೆ ಒಣ ತೂಕದ ಶೇ 10ಕ್ಕೂ ಹೆಚ್ಚು ಟ್ರೆಹಲೋಸ್ ತುಂಬಿಕೊಂಡ ಮೇಲೆಯೇ ಅದನ್ನು ಒಣಗಿಸುವುದು.

ಈಗ ಆ ಕೋಶಕ್ಕೆ ನೀರು, ಸಕ್ಕರೆ ಸಿಕ್ಕಿತು ಅನ್ನಿ. ಒಂದೆರಡು ನಿಮಿಷದಲ್ಲೇ ಪಿಕೆಎ ಎಂಬ ಕಿಣ್ವ ಎಚ್ಚೆತ್ತು ಟ್ರೆಹಲೋಸ್ ಒಡೆಯುವ ಎನ್‌ಟಿಎಚ್1 ಕಿಣ್ವವನ್ನು ಹುರಿದುಂಬಿಸುತ್ತದೆ, ಎಂಎಸ್‌ಎನ್2ನ್ನು ಕೋಶಕೇಂದ್ರದಿಂದ ಹೊರಗಟ್ಟುತ್ತದೆ, ಗ್ಲೈಕೋಜನ್ ಕಟ್ಟುವ ಕೆಲಸವನ್ನೂ ನಿಲ್ಲಿಸುತ್ತದೆ. ಕೂಡಿಟ್ಟದ್ದು ಕರಗುತ್ತದೆ. ಬೆಳೆಯುವುದಕ್ಕೆ ಇದು ಬೇಕೇ ಬೇಕು. ಟ್ರೆಹಲೋಸ್ ಉಳಿದುಬಿಟ್ಟರೆ ಕೆಟ್ಟ ಪ್ರೋಟೀನುಗಳು ಮತ್ತೆ ಸರಿಯಾಗಿ ಮಡಚಿಕೊಳ್ಳಲೂ ಅಡ್ಡಿ. ಆದರೆ ಕಾವಲಿಲ್ಲದ ಆ ಹೊತ್ತಿನಲ್ಲಿ ಹಿಟ್ಟನ್ನು ಫ್ರೀಜರ್‌ಗೆ ಹಾಕಿದರೆ ಬಹಳಷ್ಟು ಕೋಶಗಳು ಸಾಯುತ್ತವೆ. ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಸತ್ತ ಕೋಶದಿಂದ ಸೋರುವ ಗ್ಲುಟಥಯೋನ್ ಮೈದಾದ ಜಿಗುಟನ್ನು ಸಡಿಲಿಸುತ್ತದೆ, ಹಿಟ್ಟು ಕೈಗಂಟಿ ಹರಡಿಕೊಳ್ಳುತ್ತದೆ.

ಹಿಟ್ಟನ್ನು ಫ್ರೀಜ್ ಮಾಡಲೇಬೇಕಿದ್ದರೆ ಹುದುಗು ಶುರುವಾಗುವ ಮೊದಲೇ ಮಾಡಬೇಕು. 500 ಗ್ರಾಂ ಮೈದಾಗೆ ಮಾಮೂಲಿ 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್ ಬದಲು 8ರಿಂದ 10 ಗ್ರಾಂ, ಉಪ್ಪು 9 ಗ್ರಾಂ, ನೀರು ಸುಮಾರು 290 ಮಿ.ಲೀ., ಅದೂ ಮಂಜುಗಡ್ಡೆ ಹಾಕಿ ತಣಿಸಿದ್ದು. ನಾದಿ ಮುಗಿದಾಗ ಹಿಟ್ಟಿನ ಉಷ್ಣತೆ 20 ಡಿಗ್ರಿ ಆಸುಪಾಸಿನಲ್ಲಿರಲಿ. ಉಬ್ಬಲು ಬಿಡದೆ 200 ಗ್ರಾಂನ ಚಪ್ಪಟೆ ಬಿಲ್ಲೆ ಮಾಡಿ ಅರ್ಧ ಗಂಟೆಯೊಳಗೆ ಒಳಗಿಡಿ. ಗುಂಡಗಿದ್ದರೆ ನಡುಭಾಗ ತಣಿಯುವಷ್ಟರಲ್ಲಿ ಉಬ್ಬಲು ಶುರುವಾಗಿರುತ್ತದೆ. ಎರಡು ವಾರದೊಳಗೆ ಬಳಸಿ. ತೆಗೆದಾಗ ರಾತ್ರಿಯಿಡೀ ಫ್ರಿಜ್ಜಿನ ಕೆಳಗಿನ ಹಲಗೆಯಲ್ಲಿಟ್ಟು ಕರಗಿಸಿ, ಆಮೇಲೆ ಹೊರಗಿಟ್ಟು ಎರಡರಷ್ಟಾಗಲು ಬಿಡಿ. ಕರೆಂಟ್ ಹೋಗಿ ಒಮ್ಮೆ ಮೆತ್ತಗಾದ ಹಿಟ್ಟನ್ನು ಮತ್ತೆ ಗಟ್ಟಿ ಮಾಡಬೇಡಿ, ಅಂದೇ ಬೇಯಿಸಿ ಬಳಸಿಬಿಡಿ.

ಅಂದೇ ಮಾಡುವ ಬ್ರೆಡ್ಡಿಗೆ ಹಿಟ್ಟು 27 ಡಿಗ್ರಿಯಲ್ಲಿದ್ದರೆ ಸಾಕು. ಲೆಕ್ಕ ಸುಲಭ: 27ರ ಮೂರರಷ್ಟು 81. ಅದರಲ್ಲಿ ಕೋಣೆಯ ಉಷ್ಣತೆ 36, ಮೈದಾದ್ದು 34, ಕೈಯಲ್ಲಿ ನಾದುವ ಬಿಸಿಗೆ 4 ಕಳೆದರೆ ಉಳಿಯುವುದು 7. ನೀರು ಅಷ್ಟು ಡಿಗ್ರಿ ಇರಬೇಕು. ಆದರೆ ಇನ್‌ಸ್ಟಂಟ್ ಯೀಸ್ಟನ್ನು ಆ ತಣ್ಣೀರಿಗೆ ನೇರ ಸುರಿಯಬಾರದು. ಮೊದಲು ಹಿಟ್ಟು ನೀರು ಕಲಸಿ, ಒಂದೆರಡು ನಿಮಿಷದ ನಂತರ ಯೀಸ್ಟ್ ಉದುರಿಸಿ. ಒಣಗಿದ ಪೊರೆ ತಣ್ಣೀರಿಗೆ ಬಿದ್ದರೆ ಸರಿಯಾಗಿ ಕೂಡಿಕೊಳ್ಳುವ ಮುನ್ನವೇ ಸೋರುತ್ತದೆ.

ದಪ್ಪ ಹರಳಿನ ಆ್ಯಕ್ಟಿವ್ ಡ್ರೈ ಯೀಸ್ಟಿನ ಬಗೆ ಬೇರೆ. ಅದನ್ನು 40 ಡಿಗ್ರಿ ನೀರಿನಲ್ಲಿ 10 ನಿಮಿಷ ನೆನೆಸಲೇಬೇಕು. ಥರ್ಮಾಮೀಟರ್ ಇಲ್ಲದಿದ್ದರೆ 30 ಡಿಗ್ರಿ ಆಸುಪಾಸಿನ ಆರು ಲೋಟ ನೀರಿಗೆ ಒಂದು ಲೋಟ ಕುದಿನೀರು ಬೆರೆಸಿ, ಬೇಕಾದಷ್ಟನ್ನು ಅಳೆದು ತೆಗೆದುಕೊಳ್ಳಿ. ಮಟಮಟ ಮಧ್ಯಾಹ್ನದ ಟ್ಯಾಂಕಿನ ನೀರಾದರೆ ಮೊದಲು ಕೈಯದ್ದಿ ನೋಡಿ, ಬಿಸಿನೀರು ಬೇಕಾಗದೆಯೂ ಇರಬಹುದು. 55 ದಾಟಿದರೆ ಟ್ರೆಹಲೋಸ್ ಎಷ್ಟಿದ್ದರೂ ಯೀಸ್ಟ್ ಉಳಿಯುವುದು ಕಷ್ಟ.

ಅಡುಗೆ ಪುಟಗಳಲ್ಲಿ ‘ಯೀಸ್ಟ್ 1 ಚಮಚ, ಉಗುರುಬೆಚ್ಚಗಿನ ನೀರು’ ಎಂದಷ್ಟೇ ಅಚ್ಚಾಗುತ್ತದೆ. ಯಾವ ಯೀಸ್ಟ್, ಎಷ್ಟು ಗ್ರಾಂ, ನೀರು ಎಷ್ಟು ಡಿಗ್ರಿ ಎಂಬ ಮೂರನ್ನು ತಪ್ಪದೆ ಹಾಕಿಸಬೇಕೆಂದು ಕೋರುತ್ತೇವೆ. ಅಂಗಡಿಯವರಲ್ಲೂ ಒಂದು ಕೋರಿಕೆ: ಹಸಿ ಯೀಸ್ಟ್ ಗಟ್ಟಿಯಲ್ಲಿ ನೂರಕ್ಕೆ 70ರಷ್ಟು ನೀರೇ ಇರುತ್ತದೆ. ತಗಡಿನ ಮಾಡಿನ ಕೆಳಗೆ ಅದು ತನ್ನ ದಾಸ್ತಾನನ್ನೆಲ್ಲ ತಾನೇ ತಿಂದು ಮುಗಿಸುತ್ತದೆ. ದಯವಿಟ್ಟು ಅದನ್ನು 4 ಡಿಗ್ರಿಯಲ್ಲಿಡಿ, ಮೆತ್ತಗಾಗಿ ಕಂದುಬಣ್ಣಕ್ಕೆ ತಿರುಗಿದ್ದನ್ನು ಮಾರಬೇಡಿ.

– ಸೂಕ್ಷ್ಮಜೀವಿಶಾಸ್ತ್ರದ ಇಬ್ಬರು ಅಧ್ಯಾಪಕರು, ದಾವಣಗೆರೆ