ಒಂದೇ ದಿನ 129 ಎಸೆತ, ಇದು ಸಾಧನೆಯಂತೆ!

ಮಾನ್ಯ ಸಂಪಾದಕರೇ,

ಸೋಮವಾರದ ನಿಮ್ಮ ಹೊರನಾಡು ಪುಟದಲ್ಲಿ ಇಲ್ಲಿ ಟೋಕಿಯೊದ ನಮ್ಮ ನದಿದಂಡೆ ಮೈದಾನದ ಬೇಸ್‌ಬಾಲ್ ಪಂದ್ಯದ ಸುದ್ದಿ ಓದಿದೆ. ಕನ್ನಡದ ಹುಡುಗ, ವಯಸ್ಸು ಹನ್ನೊಂದು, ಬೆಳಿಗ್ಗೆ ಒಂದು ಪಂದ್ಯ, ಮಧ್ಯಾಹ್ನ ಇನ್ನೊಂದು ಪಂದ್ಯ ಗೆಲ್ಲಿಸಿದ, ‘ದಣಿವರಿಯದ ತೋಳು’, ‘ಮುಂದಿನ ಸಸಾಕಿ ರೋಕಿ’. ಸಸಾಕಿ ಅಂದರೆ ಜಪಾನಿನ ಹೆಸರಾಂತ ಪಿಚರ್, ನಮ್ಮ ಬೌಲರ್ ಇದ್ದಂತೆ ಚೆಂಡೆಸೆಯುವವನು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಪತ್ರಿಕೆ ನಡೆಸಿದರೆ ಹೀಗೇ ಆಗುವುದು. ಆ ಪುಟದ ಚಿತ್ರ ದಾವಣಗೆರೆ, ಶಿವಮೊಗ್ಗ, ನ್ಯೂಜೆರ್ಸಿ ಸುತ್ತಿ ನನ್ನ ವಾಟ್ಸ್‌ಆ್ಯಪಿಗೆ ಆರು ಸಲ ಬಂದಿದೆ. ಆರು ಜನರಿಗೂ ಕೂತು ಉತ್ತರ ಬರೆಯುವುದಕ್ಕಿಂತ ನಿಮಗೇ ಬರೆಯುವುದು ವಾಸಿ.

ಆ ದಿನ ಎಸೆತ ಎಣಿಸುವ ಕೆಲಸ ನನ್ನ ಪಾಲಿಗೆ ಬಿದ್ದಿತ್ತು. ಕೈಯಲ್ಲಿ ಟಿಕ್ ಟಿಕ್ ಅನ್ನುವ ಕೌಂಟರ್. ಲೆಕ್ಕ ಹೀಗಿದೆ, ಬೇಕಾದರೆ ಅಚ್ಚು ಹಾಕಿ: ಮೊದಲ ಪಂದ್ಯದಲ್ಲಿ ನಾಲ್ಕು ಇನಿಂಗ್ಸ್, 68 ಎಸೆತ. ಉಳಿದ ಎರಡು ಇನಿಂಗ್ಸ್‌ಗೆ ‘ವಿಶ್ರಾಂತಿ’ ಅಂತ ಅವನನ್ನು ಕ್ಯಾಚರ್ ಮಾಡಿದರು. ಕ್ಯಾಚರ್ ಅಂದರೆ ಬಂದ ಪ್ರತಿ ಚೆಂಡನ್ನೂ ಪಿಚರ್‌ಗೆ ವಾಪಸ್ ಎಸೆಯುವವನು, ಓಟಗಾರ ಕದ್ದು ಓಡಿದರೆ ಕೂತಲ್ಲಿಂದ ಎದ್ದು ಎರಡನೇ ಬೇಸಿಗೆ ಬಿರುಸಾಗಿ ಎಸೆಯುವವನು. ಒಳ್ಳೆ ವಿಶ್ರಾಂತಿ! ಊಟಕ್ಕೆ ಒಂದು ಅನ್ನದುಂಡೆ. ಆಮೇಲೆ ಎರಡನೇ ಪಂದ್ಯ, ಮತ್ತೆ ನಾಲ್ಕು ಇನಿಂಗ್ಸ್, 61 ಎಸೆತ. ಒಟ್ಟು 129. ಪ್ರತಿ ಪಂದ್ಯಕ್ಕೆ ಮುಂಚೆ ಬದಿಯಲ್ಲಿ ನಿಂತು ಎಸೆದ ಇಪ್ಪತ್ತೈದು, ಪ್ರತಿ ಇನಿಂಗ್ಸ್ ಶುರುವಿಗೆ ಎಸೆದ ಐದೈದು ಈ ಲೆಕ್ಕಕ್ಕೆ ಸೇರಿಲ್ಲ. ಸೇರಿಸಿದರೆ ಇನ್ನೂರು ದಾಟುತ್ತದೆ. ಕೌಂಟರಿಗೆ ಗೊತ್ತಾಗದಿದ್ದರೂ ಮೊಣಕೈಗೆ ಗೊತ್ತಾಗುತ್ತದೆ.

ಮಕ್ಕಳು ರಬ್ಬರ್ ಚೆಂಡಿನಲ್ಲಿ ಆಡುವ ಈ ಆಟಕ್ಕೆ ಜಪಾನಿನ ಒಕ್ಕೂಟ ಮಾಡಿಟ್ಟ ನಿಯಮ ಸ್ಪಷ್ಟವಾಗಿದೆ: ಪ್ರಾಥಮಿಕ ಶಾಲೆಯ ಹುಡುಗ ದಿನಕ್ಕೆ 70 ಎಸೆತ ದಾಟಬಾರದು. ದಿನಕ್ಕೆ, ಪಂದ್ಯಕ್ಕಲ್ಲ. ಸಂಘಟಕರ ಮೇಜಿನ ಹತ್ತಿರ ಹೋಗಿ ಕೌಂಟರ್ ತೋರಿಸಿದರೆ ಮೊದಲ ಉತ್ತರ, ‘ಎಪ್ಪತ್ತು ಒಂದು ಪಂದ್ಯಕ್ಕಲ್ಲವೇ?’ ಎರಡನೇ ಉತ್ತರ, ‘ಇದು ಸೌಹಾರ್ದ ಕಪ್, ಆ ನಿಯಮ ಇಲ್ಲಿಗಲ್ಲ.’ ಮೂರನೆಯದು ಉತ್ತರವಲ್ಲ, ಬರೀ ನಗು ಮತ್ತು ನಮಸ್ಕಾರ. ಹಾಗಾದರೆ ಬೆಳಿಗ್ಗೆ ಐದಕ್ಕೆ ಎದ್ದು, ಹತ್ತು ಲೀಟರ್ ಬಾರ್ಲಿ ಚಹಾದ ಡಬ್ಬ ಹೊತ್ತು, ನೆರಳಿಲ್ಲದ ದಂಡೆಯಲ್ಲಿ ಎಂಟು ಗಂಟೆ ನಿಂತು ನಾನು ಎಣಿಸಿದ್ದು ಯಾವ ಪುಣ್ಯಕ್ಕೆ? ಮೈದಾನಕ್ಕೆ ಇರುವುದು ಒಂದೇ ಶೌಚಾಲಯ. ಅದರ ನಲ್ಲಿ ಹೋದ ವರ್ಷದಿಂದ ಕೆಟ್ಟಿದೆ, ಅದನ್ನು ಇನ್ನೊಂದು ಪತ್ರದಲ್ಲಿ ಬರೆಯುತ್ತೇನೆ.

ಇಷ್ಟಕ್ಕೆ ಇಷ್ಟು ರಂಪ ಯಾಕೆ ಅನ್ನುವ ಓದುಗರಿಗೆ ಒಂದು ಮಾತು. ಕ್ರಿಕೆಟ್ ಬೌಲರ್‌ನ ಮೊಣಕೈ ಎಸೆಯುವಾಗ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾದರೆ ನಮ್ಮಲ್ಲಿ ‘ಚಕ್ಕಿಂಗ್’ ಅಂತ ಕೂಗುತ್ತೇವೆ. ಪಿಚರ್‌ಗೆ ಅದೇ ಕಸುಬು. ಮಡಿಸಿದ ತೋಳು ಹಿಂದಕ್ಕೆ ವಾಲಿ ಮುಂದಕ್ಕೆ ಚಿಮ್ಮುವ ಗಳಿಗೆಯಲ್ಲಿ ಮೊಣಕೈಯ ಒಳಮಗ್ಗುಲು ಹಿಗ್ಗುತ್ತದೆ, ಹೊರಮಗ್ಗುಲಲ್ಲಿ ಮೂಳೆಗೆ ಮೂಳೆ ಒತ್ತುತ್ತದೆ. ಬೆಳೆದವರಲ್ಲಿ ಹರಿಯುವುದು ಒಳಗಡೆಯ ಲಿಗಮೆಂಟ್. ಅದನ್ನು ಸರಿಮಾಡುವ ಶಸ್ತ್ರಚಿಕಿತ್ಸೆ 1974ರಿಂದ ಇದೆ, ಟಾಮಿ ಜಾನ್ ಅಂತ ಮೊದಲ ರೋಗಿಯ ಹೆಸರೇ ಅದಕ್ಕಿದೆ. ಹನ್ನೊಂದು ವರ್ಷದವನಲ್ಲಿ ಲಿಗಮೆಂಟಿಗಿಂತ ಬಡವಾದದ್ದು ಇನ್ನೂ ಗಟ್ಟಿಯಾಗದ ಎಲುಬಿನ ತುದಿ. ಮೊದಲು ಬಿಟ್ಟುಕೊಡುವುದು ಅದೇ. ಹೊರಮಗ್ಗುಲ ತೊಂದರೆ ಇನ್ನೂ ಕಳ್ಳ ಜಾತಿಯದು: ಮೃದ್ವಸ್ಥಿಯ ಕೆಳಗಿನ ಮೂಳೆ ಸವೆಯುತ್ತಿದ್ದರೂ ಶುರುವಿನಲ್ಲಿ ನೋವೇ ಇರುವುದಿಲ್ಲ. ಅಲ್ಟ್ರಾಸೌಂಡಿನಲ್ಲಿ ಬೇಗ ಸಿಕ್ಕಿದರೆ ತಿಂಗಳುಗಟ್ಟಲೆ ಎಸೆಯದೆ ಇದ್ದು ಮಾಗುವ ಸಾಧ್ಯತೆ ಉಂಟು. ತಡವಾದರೆ ತುಣುಕು ಕಳಚಿ ಕೀಲಿನೊಳಗೆ ಓಡಾಡುತ್ತದೆ. ಹಾಗಾಗಿ ‘ನೋವಿಲ್ಲ ಆಂಟಿ’ ಅಂತ ಹುಡುಗ ಹೇಳಿದ್ದಕ್ಕೆ ಬೆಲೆ ಇಲ್ಲ. ಎರಡೂ ಕೈ ಮುಂದೆ ಚಾಚಿಸಿ, ಅಂಗೈ ಮೇಲಕ್ಕೆ. ಎಸೆಯುವ ಕೈ ಇನ್ನೊಂದರಷ್ಟು ನೆಟ್ಟಗಾಗುತ್ತದೆಯೇ? ಮಡಿಸಿದರೆ ಬೆರಳು ಅದೇ ಕಡೆಯ ಹೆಗಲಿಗೆ ತಾಗುತ್ತದೆಯೇ? ಒಳಮಗ್ಗುಲ ಗಂಟೆಲುಬು ಒತ್ತಿದರೆ ಮುಖ ಹಿಂಡುತ್ತಾನೆಯೇ? ಅರ್ಧ ನಿಮಿಷದ ಕೆಲಸ. ಮೆಡಲ್ ಕೊರಳಿಗೆ ಹಾಕುವಾಗಲಾದರೂ ಯಾರಾದರೂ ಮಾಡಬಹುದಿತ್ತು.

ಇನ್ನು ನಿಮ್ಮ ‘ಮುಂದಿನ ಸಸಾಕಿ’. ಬರೆದವರಿಗೆ ಸಸಾಕಿ ಗೊತ್ತೇ? 2019ರ ಜುಲೈ, ಇವಾತೆ ಪ್ರಾಂತ್ಯದ ಹೈಸ್ಕೂಲ್ ಟೂರ್ನಿ. ಗೆದ್ದರೆ ಕೋಶಿಯೆನ್, ಅಂದರೆ ರಾಷ್ಟ್ರೀಯ ಟೂರ್ನಿ ನಡೆಯುವ ಮೈದಾನ, ಇಲ್ಲಿಯ ಹೈಸ್ಕೂಲ್ ಹುಡುಗರ ಕಾಶಿ. ಒಫುನಾತೊ ಶಾಲೆಯ ಸಸಾಕಿಗೆ ಹದಿನೇಳು. ಅದೇ ಏಪ್ರಿಲಿನಲ್ಲಿ ಗಂಟೆಗೆ 163 ಕಿ.ಮೀ. ಎಸೆದು ದೇಶವನ್ನೇ ಬೆರಗುಗೊಳಿಸಿದ್ದ ಹುಡುಗ. 21ನೇ ತಾರೀಕು 12 ಇನಿಂಗ್ಸ್, 194 ಎಸೆತ. 24ನೇ ತಾರೀಕು ಸೆಮಿಫೈನಲ್, ಎಷ್ಟು ಎಸೆತ ಗೊತ್ತೇ? 129. ಅದೇ ಸಂಖ್ಯೆ! ಮರುದಿನ ಫೈನಲ್. ತರಬೇತುದಾರ ಕೊಕುಬೊ ಅವನನ್ನು ಬೆಂಚಿನಿಂದ ಏಳಿಸಲೇ ಇಲ್ಲ, ಪಿಚರ್ ಆಗಿಯೂ ಇಲ್ಲ, ಬ್ಯಾಟರ್ ಆಗಿಯೂ ಇಲ್ಲ. 12–2ರಿಂದ ಸೋತರು. ಶಾಲೆಗೆ ಬೈಗುಳದ ಫೋನುಗಳ ಸುರಿಮಳೆ. 129 ಎಸೆದ ಹದಿನೇಳರ ಹುಡುಗನನ್ನು ಅಲ್ಲಿ ಕೂರಿಸಿದರು. 129 ಎಸೆದ ಹನ್ನೊಂದರ ಹುಡುಗನನ್ನು ನೀವು ನಾಲ್ಕು ಕಾಲಂನಲ್ಲಿ ಮೆರೆಸಿದಿರಿ.

ಆಮೇಲಿನದೂ ಕೇಳಿ. ಚಿಬಾ ಲೊಟ್ಟೆ ಅನ್ನುವ ವೃತ್ತಿಪರ ತಂಡ ಅವನನ್ನು ಮೊದಲ ಸುತ್ತಿನಲ್ಲೇ ಆರಿಸಿಕೊಂಡು 2020ರಲ್ಲಿ ಒಂದೇ ಒಂದು ಅಧಿಕೃತ ಪಂದ್ಯ ಆಡಿಸಲಿಲ್ಲ, ಎರಡನೇ ದರ್ಜೆಯಲ್ಲೂ ಇಲ್ಲ. ಮೈ ಕಟ್ಟು, ಪಿಚರ್‌ಗಳ ಅಭ್ಯಾಸದ ಜಾಗವಾದ ಬುಲ್‌ಪೆನ್‌ನಲ್ಲಿ ಎಸೆ, ನೋಡಿ ಕಲಿ, ಅಷ್ಟೆ. 2021ರ ಮೇ 16ಕ್ಕೆ ಮೊದಲ ಪಂದ್ಯ. ಮುಂದಿನದು ಮೇ 27, ಹನ್ನೊಂದು ದಿನ ಬಿಟ್ಟು. ಮೊದಲ ಗೆಲುವು ಸಿಕ್ಕಿದ್ದು ಎಲ್ಲಿ ಅಂತೀರಿ? ಅದೇ ಕೋಶಿಯೆನ್ ಮೈದಾನದಲ್ಲಿ. ಆ ಇಡೀ ವರ್ಷ ಮೊದಲ ದರ್ಜೆಯಲ್ಲಿ 63 ಚಿಲ್ಲರೆ ಇನಿಂಗ್ಸ್. 2022ರ ಏಪ್ರಿಲ್ 10ರಂದು ಓರಿಕ್ಸ್ ವಿರುದ್ಧ ಒಬ್ಬನನ್ನೂ ಬೇಸ್ ಮುಟ್ಟಗೊಡದ ಪರ್ಫೆಕ್ಟ್ ಗೇಮ್, 19 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಬ್ಯಾಟರ್ ಹೊರಗೆ), 105 ಎಸೆತ. ಒಂದು ವಾರಕ್ಕೆ ಮತ್ತೆ 8 ಇನಿಂಗ್ಸ್ ಹಾಗೆಯೇ ಆಡಿ 102 ಎಸೆತ ಮುಟ್ಟಿದ. ಮ್ಯಾನೇಜರ್ ಇಗುಚಿ ಹೊರಗೆ ಕರೆದರು. ಸತತ ಎರಡನೇ ಪರ್ಫೆಕ್ಟ್ ಗೇಮಿನ ದಾಖಲೆ ಕಣ್ಣೆದುರೇ ಇತ್ತು, ಆದರೂ ಕರೆದರು. ಇದು ಸಸಾಕಿ. ಎಸೆದದ್ದರಿಂದ ಎಷ್ಟು ಬೆಳೆದನೋ, ಎಸೆಯದೆ ಕೂತದ್ದರಿಂದಲೂ ಅಷ್ಟೇ ಬೆಳೆದವನು.

‘ಅಷ್ಟು ಜೋಪಾನ ಮಾಡಿ 2025ರ ಮೇನಲ್ಲಿ ಅಮೆರಿಕದಲ್ಲಿ ಆಡುವಾಗ ಭುಜ ಹಿಡಿಯಿತಲ್ಲ’ ಅನ್ನುವ ಜಾಣರು ಇಲ್ಲೂ ಇದ್ದಾರೆ, ಊರಲ್ಲೂ ಇದ್ದಾರೆ. ಹೌದು, ಹಿಡಿಯಿತು. ಎಣಿಕೆಯೊಂದೇ ಮದ್ದು ಅಂತ ನಾನೂ ಹೇಳುವುದಿಲ್ಲ. ವೇಗವೂ ಭಾರವೇ, 160 ಕಿ.ಮೀ. ಎಸೆಯುವ ತೋಳು ಕಡಿಮೆ ಎಸೆತದಲ್ಲೂ ಸವೆಯುತ್ತದೆ. ಸೆಪ್ಟೆಂಬರಿನಲ್ಲಿ ವಾಪಸ್ ಬಂದು, ಆಟದ ಕೊನೆಗೆ ಕೆಲವೇ ಇನಿಂಗ್ಸ್ ಮಾತ್ರ ಎಸೆಯುವ ಕೆಲಸ ಮಾಡಿ, ಅಲ್ಲಿನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದ ತಂಡದಲ್ಲಿದ್ದ ಅನ್ನುವುದನ್ನು ಮಾತ್ರ ಈ ಜಾಣರು ಹೇಳುವುದಿಲ್ಲ.

ಇದರಲ್ಲಿ ಅಧಿಕಾರಿಗಳ ಪುರಾಣ ಹಳೆಯದು. 1995ರಲ್ಲೇ ಜಪಾನಿನ ಕ್ರೀಡಾವೈದ್ಯರು ಬರೆದು ಕೊಟ್ಟರು: ಪ್ರಾಥಮಿಕ ಶಾಲೆಗೆ ದಿನಕ್ಕೆ 50, ವಾರಕ್ಕೆ 200, ಮಾಧ್ಯಮಿಕಕ್ಕೆ 70 ಮತ್ತು 350, ಹೈಸ್ಕೂಲಿಗೆ 100 ಮತ್ತು 500. ಕಡತ ಮಲಗಿತು. 1998ರಲ್ಲಿ ಮತ್ಸುಜಾಕಾ ಅನ್ನುವ ಹೈಸ್ಕೂಲ್ ಹುಡುಗ ಒಂದೇ ಪಂದ್ಯದಲ್ಲಿ 250 ಎಸೆದ, ಎಲ್ಲರೂ ಚಪ್ಪಾಳೆ ತಟ್ಟಿದರು. 2018ರ ಕೊನೆಗೆ ನೀಗಾತ ಪ್ರಾಂತ್ಯದವರು ಪಂದ್ಯಕ್ಕೆ 100 ಅಂತ ತಾವೇ ಗೆರೆ ಎಳೆದರು. ಮೇಲಿನ ಹೈಸ್ಕೂಲ್ ಒಕ್ಕೂಟ ‘ಮತ್ತೊಮ್ಮೆ ಯೋಚಿಸಿ’ ಅಂದಿತು, ಅವರು ಹಿಂದೆ ಸರಿದರು. ಕೊನೆಗೆ 2020ರಿಂದ ಒಕ್ಕೂಟವೇ ತಂದದ್ದು ವಾರಕ್ಕೆ 500. ದಿನದ 100 ಎಲ್ಲಿ ಹೋಯಿತು? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಲೆಕ್ಕ ಹಾಕಿ ನೋಡಿ. 2018ರ ಬೇಸಿಗೆಯಲ್ಲಿ ಕನಾಶಿ ಕೃಷಿ ಶಾಲೆಯ ಯೋಶಿದಾ ಕೋಶಿಯೆನ್‌ನಲ್ಲಿ ಆರು ಪಂದ್ಯಕ್ಕೆ 881 ಎಸೆದ. ಆಗಸ್ಟ್ 14ಕ್ಕೆ 154, 17ಕ್ಕೆ 164, 18ಕ್ಕೆ 140. ಐದು ದಿನದಲ್ಲಿ 458. ಹೊಸ ನಿಯಮದಲ್ಲಿ ಇದು ಇವತ್ತಿಗೂ ತಪ್ಪಲ್ಲ! 20ರ ಸೆಮಿಫೈನಲ್‌ನಲ್ಲಿ, 42 ಎಸೆತ ಆದಮೇಲೆ ಮಾತ್ರ, ಅಂಪೈರ್ ಎಚ್ಚರಗೊಳ್ಳುತ್ತಾನೆ. ಅಮೆರಿಕದ ಮಾರ್ಗಸೂಚಿಯಲ್ಲಿ ಹದಿನೇಳು–ಹದಿನೆಂಟರ ಹುಡುಗನಿಗೆ ದಿನಕ್ಕೆ 105, 81 ಮುಟ್ಟಿದರೆ ನಾಲ್ಕು ದಿನ ಬಿಡುವು, ಪಿಚ್ ಮಾಡದಾಗ ಕ್ಯಾಚರ್ ಆಗುವುದೂ ಬೇಡ. ಕೊನೆಯ ಸಾಲು ನಮ್ಮ ಸಂಘಟಕರ ಮೇಜಿನ ಮೇಲೆ ಅಂಟಿಸಬೇಕು, ಒರೆಸಿದರೆ ಹೋಗದ ಗೋಂದಿನಲ್ಲಿ.

ಊರಿನವರೂ ಇದನ್ನು ಪರದೇಶದ ಕತೆ ಅಂದುಕೊಳ್ಳಬೇಡಿ. 1997ರಲ್ಲಿ ನಮ್ಮ ಜಾವಗಲ್ ಶ್ರೀನಾಥ್ ಭುಜ ಹೋಗಿ ತಿಂಗಳುಗಟ್ಟಲೆ ಮೂಲೆಗೆ ಕೂತಾಗ ‘ಅಯ್ಯೋ’ ಅಂದವರು ನೀವೇ ಅಲ್ಲವೇ?

ಆದ್ದರಿಂದ ತಿದ್ದುಪಡಿ ಹಾಕಿ. ತಿದ್ದುಪಡಿ ಹಾಕಲು ಜಾಗ ಇಲ್ಲದಿದ್ದರೆ ಆ ಹುಡುಗನ ಫೋಟೊ ಮತ್ತೆ ಹಾಕಬೇಡಿ. ಸಂಘಟಕರು ಮುಂದಿನ ಟೂರ್ನಿಗೆ ಮೊದಲು ನಿಯಮ ಓದಲಿ, ಇಲ್ಲವೇ ಟೂರ್ನಿಯನ್ನೇ ನಿಲ್ಲಿಸಲಿ, ಏನಾದರೂ ಒಂದು ಮಾಡಲಿ. ಅವನ ಮನೆಯವರಿಗೂ ಹೇಳುವುದಿತ್ತು, ಅವರು ಆ ಪುಟಕ್ಕೆ ಚೌಕಟ್ಟು ಹಾಕಿಸಲು ಹೋಗಿದ್ದಾರಂತೆ. ಮುಂದಿನ ಭಾನುವಾರ ಮತ್ತೆ ಎರಡು ಪಂದ್ಯ ಇದೆ. ಕೌಂಟರ್ ನಾನು ಹಿಡಿಯುವುದಿಲ್ಲ. ಹಿಡಿದರೂ ನಲ್ಲಿ ಸರಿಯಾದ ಮೇಲೆ.

– ಆ ದಿನ ಎಣಿಸಿದವಳು,
ನಿಶಿಕಸಾಯ್, ಟೋಕಿಯೊ